ಹೊಸ ಸಿಡಿಐ, ಹೊಸ ಕಾಯಿಲ್ ಹಾಕಿದ ಮೇಲೆ ಟೂ ಸ್ಟ್ರೋಕ್ ಬೈಕ್ ಸ್ಟಾರ್ಟ್ ಆಗುತ್ತಿಲ್ಲವೇ? ಫಾರ್ವರ್ಡ್ ಹೇಳದ ವಿಷಯಗಳು ಇಲ್ಲಿವೆ

ನಮ್ಮ ಮನೆಯವರ ವಾಟ್ಸಾಪ್ ಗುಂಪಿಗೆ ಒಂದು ವಿಡಿಯೋ ಬಂತು. ಹಳೆಯ ಟೂ ಸ್ಟ್ರೋಕ್ ಬೈಕಿಗೆ ಹೊಸ ಸಿಡಿಐ, "ಹೈ ಪವರ್" ಕಾಯಿಲ್ ಮತ್ತು ಇರಿಡಿಯಮ್ ಪ್ಲಗ್ ಹಾಕಿದರೆ ಪವರ್ ಹೆಚ್ಚುತ್ತದೆ, ಮೈಲೇಜ್ ಹೆಚ್ಚುತ್ತದೆ, ಒಂದೇ ಕಿಕ್‌ಗೆ ಸ್ಟಾರ್ಟ್ ಆಗುತ್ತದೆ ಎಂದು ಅದರಲ್ಲಿತ್ತು. ತಿಪಟೂರಿನ ನಮ್ಮ ಚಿಕ್ಕಪ್ಪನ ಮನೆಯಲ್ಲಿ ಅಂಥದ್ದೇ ಒಂದು ನೂರು ಸಿಸಿ ಬೈಕ್ ಇದೆ. ಚಿಕ್ಕಪ್ಪನ ಮಗ ಆ ವಿಡಿಯೋ ನೋಡಿ ಆನ್‌ಲೈನ್‌ನಲ್ಲಿ ಕಿಟ್ ತರಿಸಿದ. ಒಂದು ಭಾನುವಾರ ಕೂತು ತಾನೇ ಜೋಡಿಸಿದ.

ಬೈಕ್ ಸ್ಟಾರ್ಟ್ ಆಗಲಿಲ್ಲ. ಅವನು ಕಿಕ್ ಹೊಡೆದ, ಚಿಕ್ಕಪ್ಪ ಹೊಡೆದರು, ಪಕ್ಕದ ಮನೆಯವರೂ ಬಂದು ಹೊಡೆದರು. ಎರಡು ಸಲ ಕಿಕ್ಕರ್ ತಿರುಗಿ ಕಾಲಿಗೇ ಹೊಡೆಯಿತು. ಕೊನೆಗೆ ಪ್ಲಗ್ ಬಿಚ್ಚಿ, ಕಿಡಿ ಬರುತ್ತದೋ ಇಲ್ಲವೋ ನೋಡಲು ಅದನ್ನು ಸಿಲಿಂಡರ್ ಹೆಡ್ ಮೇಲೆಯೇ, ಪ್ಲಗ್ ತೂತಿನ ಪಕ್ಕದಲ್ಲೇ ಇಟ್ಟು ಕಿಕ್ ಹೊಡೆದರು. ಕಿಡಿ ಚೆನ್ನಾಗಿಯೇ ಬಂತು. ಅಷ್ಟು ಹೊತ್ತಿನ ಕಿಕ್‌ಗಳಿಂದ ಒಳಗೆ ತುಂಬಿಕೊಂಡಿದ್ದ ಪೆಟ್ರೋಲ್ ಆವಿ ಅದೇ ತೂತಿನಿಂದ ಹೊರಗೆ ಚಿಮ್ಮಿ ಭಗ್ಗನೆ ಹೊತ್ತಿಕೊಂಡಿತು. ಕ್ಷಣಮಾತ್ರದ ಬೆಂಕಿ. ಆದರೂ ತಮ್ಮನ ಬಲಗೈಯ ಮೂರು ಬೆರಳಲ್ಲಿ ಬೊಬ್ಬೆ ಬಂತು, ಮೊಣಕೈವರೆಗೆ ಕೂದಲು ಸುಟ್ಟಿತು. ಬೈಕಿನ ಟ್ಯಾಂಕ್ ಒಂದೂವರೆ ಅಡಿ ದೂರದಲ್ಲಿತ್ತು.

ನಾನು ಮೆಕ್ಯಾನಿಕ್ ಅಲ್ಲ. ಸುಳ್ಳು ಮತ್ತು ಅರ್ಧ ಸತ್ಯದ ಸಂದೇಶಗಳು ಹೇಗೆ ಹರಡುತ್ತವೆ ಎಂದು ನೋಡುವುದು ನನ್ನ ಕೆಲಸ. ಆದರೆ ಆ ಬೊಬ್ಬೆ ನೋಡಿದ ಮೇಲೆ ಈ ವಿಡಿಯೋ ಹೇಳಿದ್ದು ಎಷ್ಟು ನಿಜ, ಹೇಳದೆ ಬಿಟ್ಟಿದ್ದು ಏನು ಎಂದು ತಿಳಿಯಲೇಬೇಕು ಅನಿಸಿತು. ಹಳೆಯ ಮೆಕ್ಯಾನಿಕ್‌ಗಳ ಜೊತೆ ಕೂತು, ಸರ್ವಿಸ್ ಮ್ಯಾನ್ಯುಯಲ್ ತಿರುವಿ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ಫಾರ್ವರ್ಡ್ ಏನು ಹೇಳುತ್ತದೆ? ನಿಜ ಏನು?

ಹೇಳಿಕೆ: ಕಿಡಿ ದೊಡ್ಡದಾದರೆ ಪವರ್ ಮತ್ತು ಮೈಲೇಜ್ ಹೆಚ್ಚುತ್ತದೆ.

ನಿಜ: ಹಳೆಯ ಕಿಡಿಯೇ ದುರ್ಬಲವಾಗಿದ್ದು, ಆಗಾಗ ಪೆಟ್ರೋಲ್ ಹೊತ್ತದೆ ಹೋಗುತ್ತಿದ್ದರೆ ಮಾತ್ರ ಹೊಸ ಇಗ್ನಿಷನ್‌ನಿಂದ ವ್ಯತ್ಯಾಸ ಕಾಣುತ್ತದೆ. ಸರಿಯಾಗಿ ಓಡುತ್ತಿರುವ ಎಂಜಿನ್‌ಗೆ ದೊಡ್ಡ ಕಿಡಿ ಕೊಟ್ಟರೆ ಹೆಚ್ಚೇನೂ ಆಗುವುದಿಲ್ಲ. ಏಕೆ ಎಂದು ಒಂದು ಸಣ್ಣ ಲೆಕ್ಕದಿಂದ ನೋಡೋಣ.

ನೂರು ಸಿಸಿಯ ಟೂ ಸ್ಟ್ರೋಕ್ ಎಂಜಿನ್ ಒಂದು ಸುತ್ತಿಗೆ ಒಳಗೆ ಹಿಡಿದಿಟ್ಟುಕೊಳ್ಳುವ ಪೆಟ್ರೋಲ್ ಬಹಳ ಕಡಿಮೆ, ಸುಮಾರು 5 ಮಿಲಿಗ್ರಾಂ. ಅದು ಉರಿದರೆ ಬರುವ ಶಕ್ತಿ ಸುಮಾರು 200 ಜೂಲ್. ಕಿಡಿಯ ಶಕ್ತಿ ಎಷ್ಟು? ಕೆಲವು ಹತ್ತು ಮಿಲಿಜೂಲ್, ಅಂದರೆ 0.05 ಜೂಲ್‌ನ ಆಸುಪಾಸು. ಪೆಟ್ರೋಲಿನ ಶಕ್ತಿಯ ಮುಂದೆ ಇದು ಸಾವಿರಾರು ಪಾಲು ಚಿಕ್ಕದು. ಬೈಕನ್ನು ಓಡಿಸುವುದು ಪೆಟ್ರೋಲ್, ಕಿಡಿಯಲ್ಲ. ಕಿಡಿ ಬರೀ ಬೆಂಕಿಕಡ್ಡಿ. ಒಲೆ ಹೊತ್ತಿಸಲು ಒಂದು ಕಡ್ಡಿ ಸಾಕಾದಾಗ ಹತ್ತು ಕಡ್ಡಿ ಒಟ್ಟಿಗೆ ಗೀರಿದರೆ ಅನ್ನ ಬೇಗ ಬೇಯುತ್ತದೆಯೇ?

ಇನ್ನು "40,000 ವೋಲ್ಟ್ ಕಾಯಿಲ್" ಎಂಬ ಮಾತು. ಕಾಯಿಲ್ ಎಷ್ಟು ವೋಲ್ಟ್ ಕೊಡಬಲ್ಲದು ಎಂಬುದು ಬೇರೆ, ಪ್ಲಗ್ ಎಷ್ಟು ಕೇಳುತ್ತದೆ ಎಂಬುದು ಬೇರೆ. ಕಾಯಿಲ್‌ನಲ್ಲಿ ವೋಲ್ಟೇಜ್ ಏರುತ್ತಾ ಹೋಗಿ, ಪ್ಲಗ್‌ನ ಗ್ಯಾಪ್ ದಾಟಲು ಸಾಕಾದ ಕ್ಷಣದಲ್ಲೇ ಕಿಡಿ ಹಾರಿಬಿಡುತ್ತದೆ. ಗ್ಯಾಪ್‌ಗೆ 12,000 ವೋಲ್ಟ್ ಸಾಕಾದರೆ 40,000ದ ಕಾಯಿಲ್ ಕೂಡ 12,000ಕ್ಕೇ ಕಿಡಿ ಹಾರಿಸುತ್ತದೆ. ಮಿಕ್ಕಿದ್ದು ಡಬ್ಬದ ಮೇಲಿನ ಅಂಕಿ ಅಷ್ಟೆ.

ಹಾಗಾದರೆ ಅಪ್‌ಗ್ರೇಡ್ ಪೂರ್ತಿ ದಂಡವೇ?

ಹಾಗೇನಿಲ್ಲ. ಅರ್ಧ ಸತ್ಯದಲ್ಲಿ ಅರ್ಧ ಸತ್ಯವೂ ಇರುತ್ತದೆ.

1961ರಿಂದ 1996ರವರೆಗೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಜಾವಾ, ಯೆಜ್ಡಿ ಬೈಕುಗಳು ಹೊರಬಂದವು. ಆ ಕಾಲದ ಬಹುಪಾಲು ಬೈಕುಗಳಲ್ಲಿ ಇದ್ದದ್ದು ಪಾಯಿಂಟ್ ಸೆಟ್. ಎಂಜಿನ್ ಜೊತೆ ತಿರುಗುವ ಒಂದು ಉಬ್ಬು ಎರಡು ಲೋಹದ ತುದಿಗಳನ್ನು ತೆರೆದು ಮುಚ್ಚುತ್ತಿತ್ತು. ತೆರೆದಾಗ ಕಿಡಿ. ಆ ತುದಿಗಳು ಸವೆಯುತ್ತವೆ, ಕಪ್ಪಾಗುತ್ತವೆ, ಗ್ಯಾಪ್ ಬದಲಾಗುತ್ತದೆ. ಅದಕ್ಕೇ ಹಳೆಯ ಸವಾರರ ಜೇಬಿನಲ್ಲಿ ಒಂದು ಚೂರು ಪಾಲಿಶ್ ಪೇಪರ್, ಒಂದು ಹೆಚ್ಚುವರಿ ಪ್ಲಗ್ ಇದ್ದೇ ಇರುತ್ತಿದ್ದವು.

ಸಿಡಿಐನಲ್ಲಿ ಈ ಸವೆತವಿಲ್ಲ. ಅದರೊಳಗಿನ ಕೆಪಾಸಿಟರ್ 200ರಿಂದ 400 ವೋಲ್ಟ್‌ವರೆಗೆ ಚಾರ್ಜ್ ಆಗಿ ಕಾಯುತ್ತದೆ. ತಿರುಗುವ ಮ್ಯಾಗ್ನೆಟ್ ಒಂದು ಜಾಗ ದಾಟಿದಾಗ ಪಲ್ಸರ್ ಕಾಯಿಲ್ "ಈಗ" ಎಂದು ಸೂಚನೆ ಕೊಡುತ್ತದೆ. ಕೆಪಾಸಿಟರ್ ತನ್ನಲ್ಲಿದ್ದುದನ್ನೆಲ್ಲ ಒಮ್ಮೆಲೇ ಹೆಚ್‌ಟಿ ಕಾಯಿಲ್‌ಗೆ ಸುರಿಯುತ್ತದೆ. ವೋಲ್ಟೇಜ್ ಬಹಳ ವೇಗವಾಗಿ ಏರುವುದರಿಂದ ಎಣ್ಣೆ, ಮಸಿ ಹಿಡಿದ ಪ್ಲಗ್‌ನಲ್ಲೂ ಕಿಡಿ ಹಾರುವ ಸಾಧ್ಯತೆ ಹೆಚ್ಚು. ಪೆಟ್ರೋಲ್ ಜೊತೆ ಆಯಿಲ್ ಉರಿಸುವ ಟೂ ಸ್ಟ್ರೋಕ್‌ಗೆ ಇದು ನಿಜವಾದ ಲಾಭ. ಸವೆದ ಪಾಯಿಂಟ್ ಸೆಟ್ ತೆಗೆದು ಒಳ್ಳೆಯ ಸಿಡಿಐ ಹಾಕಿದವರು ಸ್ಟಾರ್ಟಿಂಗ್ ಸುಲಭವಾಯಿತು ಎಂದರೆ ಅದು ಸುಳ್ಳಲ್ಲ.

ಆದರೆ ವಿಡಿಯೋ ಹೇಳದ ಮಾತು ಒಂದಿದೆ. ಇಗ್ನಿಷನ್ ಎಂದರೆ ಒಂದು ಬಿಡಿಭಾಗವಲ್ಲ, ಒಂದಕ್ಕೊಂದು ಹೊಂದಲೇಬೇಕಾದ ಐದಾರು ಭಾಗಗಳ ಸರಪಳಿ. ನಡುವಿನ ಒಂದೆರಡನ್ನು ಬದಲಿಸಿದರೆ ಉಳಿದವು ಹೊಂದುತ್ತವೆ ಎಂಬ ಖಾತ್ರಿ ಇಲ್ಲ.

ಮೊದಲು ಕೈ, ಕಣ್ಣು, ಬೈಕ್ ಉಳಿಯಲಿ: ಕಿಡಿ ನೋಡುವ ಸರಿಯಾದ ಕ್ರಮ

ಪೆಟ್ರೋಲ್ ಆವಿ ಹೊತ್ತಿಕೊಳ್ಳಲು ಬಿಸಿಲು, ಸೆಕೆ ಏನೂ ಬೇಡ. ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲೂ ಕಿಡಿ ತಗುಲಿದರೆ ಅದು ಹೊತ್ತುತ್ತದೆ. ಆವಿ ಗಾಳಿಗಿಂತ ಭಾರ, ಹಾಗಾಗಿ ನೆಲದ ಹತ್ತಿರವೇ ಹರಡಿ ನಿಲ್ಲುತ್ತದೆ. ಆದ್ದರಿಂದ ಈ ಕ್ರಮ ಅನುಸರಿಸಿ:

1. ಬೈಕನ್ನು ಬಯಲಿಗೆ ತನ್ನಿ. ಅಡುಗೆಮನೆ, ದೇವರ ದೀಪ, ಬೀಡಿ ಸಿಗರೇಟ್ ಹತ್ತಿರದಲ್ಲಿ ಇರಬಾರದು.

2. ಪೆಟ್ರೋಲ್ ಕಾಕ್ ಆಫ್ ಮಾಡಿ.

3. ಬಿಚ್ಚಿದ ಪ್ಲಗ್‌ನಲ್ಲಿ ಕಿಡಿ ನೋಡಬೇಡಿ. ಎಂಜಿನ್‌ನಲ್ಲಿರುವ ಪ್ಲಗ್ ಅಲ್ಲೇ ಇರಲಿ, ತೂತು ಮುಚ್ಚಿರಲಿ. ಇನ್ನೊಂದು ಪ್ಲಗ್ ಅನ್ನು ಕ್ಯಾಪ್‌ಗೆ ಸಿಕ್ಕಿಸಿ, ಅದರ ಲೋಹದ ಮೈಯನ್ನು ಎಂಜಿನ್‌ನ ಬಣ್ಣವಿಲ್ಲದ ಜಾಗಕ್ಕೆ ತಂತಿಯಿಂದ ಬಿಗಿಯಾಗಿ ಕಟ್ಟಿ. ಈ ಜಾಗ ಕಾರ್ಬ್ಯುರೇಟರ್‌ನಿಂದ ದೂರ ಇರಬೇಕು.

4. ಪ್ಲಗ್ ಅನ್ನಾಗಲಿ ಕ್ಯಾಪ್ ಅನ್ನಾಗಲಿ ಕೈಯಲ್ಲಿ ಹಿಡಿದು ಕಿಕ್ ಹೊಡೆಯಬೇಡಿ. ಸಿಡಿಐನ ಶಾಕ್ ಜೋರಾಗಿಯೇ ಇರುತ್ತದೆ. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು ಈ ಕೆಲಸದ ಹತ್ತಿರವೂ ಬರಬಾರದು.

5. ಕ್ಯಾಪ್ ಅನ್ನು ಗಾಳಿಯಲ್ಲಿ ತೂಗಾಡಲು ಬಿಟ್ಟು ಕಿಕ್ ಹೊಡೆಯಬೇಡಿ. ಹೋಗಲು ದಾರಿ ಸಿಗದ ವೋಲ್ಟೇಜ್ ಕಾಯಿಲ್‌ನ ಅಥವಾ ಸಿಡಿಐನ ಒಳಗನ್ನೇ ಸುಡಬಹುದು. ಹೊಸ ಭಾಗ ಹೀಗೇ ಹಾಳಾಗಿ, "ಬರುವಾಗಲೇ ಕೆಟ್ಟಿತ್ತು" ಎಂದು ಅಂಗಡಿಯವರ ಜೊತೆ ಜಗಳವಾಗುವುದುಂಟು.

ಇನ್ನೊಂದು ಮಾತು. ಹೊರಗೆ ಕಂಡ ಕಿಡಿ ಒಳಗೂ ಬರುತ್ತದೆ ಎಂದು ನಂಬಬೇಡಿ. ಸಾಮಾನ್ಯ ಗಾಳಿಯಲ್ಲಿ ಒಂದು ಮಿಲಿಮೀಟರ್ ದಾಟಲು ಸುಮಾರು 3,000 ವೋಲ್ಟ್ ಸಾಕು. ಸಿಲಿಂಡರ್ ಒಳಗೆ ಗಾಳಿ ಒತ್ತಿ ದಟ್ಟವಾಗಿರುವುದರಿಂದ ಅದೇ ಗ್ಯಾಪ್‌ಗೆ ಅದರ ಹಲವು ಪಟ್ಟು ಬೇಕು. ದುರ್ಬಲ ಕಾಯಿಲ್ ಹೊರಗೆ ಕಿಡಿ ತೋರಿಸಿ ಒಳಗೆ ಕೈಕೊಡುತ್ತದೆ. ಅದಕ್ಕೇ ಮೆಕ್ಯಾನಿಕ್‌ಗಳು 6 ಮಿಲಿಮೀಟರ್ ಗ್ಯಾಪ್ ಇಟ್ಟ ಟೆಸ್ಟರ್ ಬಳಸುತ್ತಾರೆ. ಅಷ್ಟು ದೂರ ಹಾರಿದ ಕಿಡಿ ಒಳಗೂ ಹಾರುತ್ತದೆ ಎಂದು ಬಹುಮಟ್ಟಿಗೆ ನಂಬಬಹುದು.

ಕಿಡಿಯೇ ಬರುತ್ತಿಲ್ಲವೇ? ಈ ಸಾಲಿನಲ್ಲಿ ನೋಡಿ

ಸುಲಭವಾದದ್ದು, ಖರ್ಚಿಲ್ಲದ್ದು ಮೊದಲು.

ಹಳೆಯ ಭಾಗಗಳನ್ನು ಎಸೆಯಬೇಡಿ. ಹಳೆಯ ಸಿಡಿಐ, ಕಾಯಿಲ್, ಪ್ಲಗ್ ಇದ್ದರೆ ಒಂದೊಂದಾಗಿ ಮರಳಿ ಹಾಕಿ ನೋಡಿ. ಯಾವುದನ್ನು ಹಾಕಿದಾಗ ಕಿಡಿ ಬಂತೋ, ತಪ್ಪು ಆ ಜಾಗದಲ್ಲಿದೆ. ಎಲ್ಲ ಭಾಗ ಒಂದೇ ದಿನ ಬದಲಿಸುವುದೇ ದೊಡ್ಡ ತಪ್ಪು. ಒಂದು ಬದಲಿಸಿ, ಸ್ಟಾರ್ಟ್ ಮಾಡಿ, ಆಮೇಲೆ ಮುಂದಿನದು.

ಕಿಲ್ ಸ್ವಿಚ್. ಮ್ಯಾಗ್ನೆಟ್‌ನಿಂದ ನಡೆಯುವ ಹೆಚ್ಚಿನ ಸಿಡಿಐಗಳಲ್ಲಿ ಎಂಜಿನ್ ಆಫ್ ಮಾಡುವುದು ಎಂದರೆ ಒಂದು ತಂತಿಯನ್ನು ಅರ್ಥ್‌ಗೆ ಮುಟ್ಟಿಸುವುದು. ಆ ತಂತಿಯ ಪ್ಲಾಸ್ಟಿಕ್ ಎಲ್ಲೋ ಸುಲಿದು ಚಾಸಿಸ್‌ಗೆ ತಗುಲಿದರೆ ಎಂಜಿನ್ ಯಾವಾಗಲೂ ಆಫ್. ಸಿಡಿಐ ಹತ್ತಿರ ಆ ಒಂದು ತಂತಿ ಬಿಡಿಸಿ ಕಿಡಿ ನೋಡಿ. ಕಿಡಿ ಬಂದರೆ ಸ್ವಿಚ್ ಅಥವಾ ಅದರ ತಂತಿಯೇ ಕಳ್ಳ. ಆ ತಂತಿ ಇಲ್ಲದೆ ಎಂಜಿನ್ ಆಫ್ ಆಗುವುದಿಲ್ಲ, ಹಾಗಾಗಿ ಪರೀಕ್ಷೆ ಮುಗಿದ ಮೇಲೆ ಸರಿಪಡಿಸಿ ಮರಳಿ ಜೋಡಿಸಿ.

ಅರ್ಥ್. ಹೊಸ ಕಾಯಿಲ್ ಅನ್ನು ಹೊಸದಾಗಿ ಬಣ್ಣ ಹೊಡೆದ ಚಾಸಿಸ್‌ಗೆ ಬೋಲ್ಟ್ ಮಾಡಿದ್ದೀರಾ? ಬಣ್ಣದ ಪದರ ವಿದ್ಯುತ್ತನ್ನು ತಡೆಯುತ್ತದೆ. ಬೋಲ್ಟ್ ಕೂರುವ ಜಾಗದಲ್ಲಿ ಬಣ್ಣ ಕೆರೆದು ಲೋಹ ಕಾಣುವಂತೆ ಮಾಡಿ. ಹಳೆಯ ಬೈಕನ್ನು ಅಂದಗೊಳಿಸಿದ ಮೇಲೆ ಸ್ಟಾರ್ಟ್ ಆಗದಿದ್ದರೆ ಮೊದಲು ನೋಡಬೇಕಾದ್ದು ಇದು.

ಎಸಿ ಸಿಡಿಐ, ಡಿಸಿ ಸಿಡಿಐ. ಎಸಿ ಸಿಡಿಐ ತನಗೆ ಬೇಕಾದ ವಿದ್ಯುತ್ತನ್ನು ಮ್ಯಾಗ್ನೆಟ್ ಒಳಗಿನ ಕಾಯಿಲ್‌ನಿಂದ ಪಡೆಯುತ್ತದೆ. ಡಿಸಿ ಸಿಡಿಐಗೆ 12 ವೋಲ್ಟ್ ಬ್ಯಾಟರಿ ಬೇಕು. ಎರಡರ ಕನೆಕ್ಟರ್ ಒಂದೇ ಥರ ಇರಬಹುದು, ಸರಾಗವಾಗಿ ಕೂತೂ ಬಿಡಬಹುದು, ಆದರೆ ಒಳಗಿನ ಪಿನ್‌ಗಳ ಕೆಲಸ ಬೇರೆ. "ಪಿನ್ ಹೊಂದಿತು, ಹಾಗಾದರೆ ಸರಿ" ಎಂಬ ನಂಬಿಕೆಯಿಂದ ಸಿಡಿಐ ಸುಡುವುದು ಹೀಗೆ. ತಂತಿಯ ಬಣ್ಣ ನೋಡಿ ಜೋಡಿಸುವುದೂ ಅಷ್ಟೇ ಅಪಾಯ. ಒಂದು ಕಂಪನಿಯ ಬಣ್ಣದ ಲೆಕ್ಕ ಇನ್ನೊಂದಕ್ಕೆ ಹೊಂದುವುದಿಲ್ಲ. ಕಿಟ್ ಜೊತೆ ತಂತಿಗಳ ನಕ್ಷೆ ಬಂದಿಲ್ಲವೆಂದರೆ ಅಂಥ ಕಿಟ್ ಕೊಳ್ಳದಿರುವುದೇ ಮೇಲು.

ಪಾಯಿಂಟ್ ಸೆಟ್‌ನ ಕಾಯಿಲ್, ಸಿಡಿಐ ಕಾಯಿಲ್. ನೋಡಲು ಎರಡೂ ಒಂದೇ. ಕೆಲಸ ಬೇರೆ ಬೇರೆ. ಪಾಯಿಂಟ್ ಸೆಟ್‌ನ ಕಾಯಿಲ್ ತನ್ನೊಳಗೇ ಶಕ್ತಿ ಕೂಡಿಟ್ಟು ಬಿಡುತ್ತದೆ, ಅದರ ಮೊದಲ ಸುತ್ತಿನ ರೆಸಿಸ್ಟೆನ್ಸ್ ಸಾಮಾನ್ಯವಾಗಿ ಕೆಲವು ಓಮ್ ಇರುತ್ತದೆ. ಸಿಡಿಐ ಕಾಯಿಲ್ ಬಂದದ್ದನ್ನು ಏರಿಸಿ ಕಳಿಸುತ್ತದೆ ಅಷ್ಟೆ, ಅದರದ್ದು ಹೆಚ್ಚಾಗಿ ಒಂದು ಓಮ್‌ಗಿಂತ ಕಡಿಮೆ. ಅದಲು ಬದಲು ಮಾಡಿದರೆ ಕಿಡಿ ದುರ್ಬಲವಾಗುತ್ತದೆ ಅಥವಾ ಯಾವುದೋ ಒಂದು ಸುಡುತ್ತದೆ.

ಪ್ಲಗ್ ಕ್ಯಾಪ್. ಅನೇಕ ಕ್ಯಾಪ್‌ಗಳಲ್ಲಿ 5,000 ಓಮ್‌ನ ರೆಸಿಸ್ಟರ್ ಇರುತ್ತದೆ. ರೆಸಿಸ್ಟರ್ ಪ್ಲಗ್‌ನಲ್ಲೂ ಅಷ್ಟೇ ಇರುತ್ತದೆ. ಕಿಡಿಯಿಂದ ಹೊರಡುವ ರೇಡಿಯೋ ಗದ್ದಲ ಸಿಡಿಐನ ಎಲೆಕ್ಟ್ರಾನಿಕ್ಸ್ ಕೆಡಿಸದಂತೆ ನೋಡಿಕೊಳ್ಳುವುದು ಇದರ ಕೆಲಸ. ಆದರೆ ಹಳೆಯ ಕ್ಯಾಪ್ ಒಳಗೆ ಸುಟ್ಟು ಲಕ್ಷ ಓಮ್ ತೋರಿಸುತ್ತಿದ್ದರೆ ಕಿಡಿ ಪ್ಲಗ್ ಮುಟ್ಟುವುದೇ ಇಲ್ಲ. ಇನ್ನೂರು ಮುನ್ನೂರು ರೂಪಾಯಿಯ ಸಾದಾ ಮಲ್ಟಿಮೀಟರ್‌ನಿಂದ ಇದನ್ನು ಅಳೆಯಬಹುದು. ಕ್ಯಾಪ್ ತಂತಿಗೆ ಸ್ಕ್ರೂ ಹಾಗೆ ತಿರುಗಿಸಿ ಸೇರುವುದು. ಅದರ ತುದಿ ಒಳಗಿನ ತಾಮ್ರಕ್ಕೆ ಮುಟ್ಟಿದೆಯೇ ನೋಡಿ.

ಪ್ಲಗ್‌ನ ಉದ್ದ. ಇರಿಡಿಯಮ್ ಆಗಲಿ ಸಾದಾ ಆಗಲಿ, ದಾರದ ಭಾಗದ ಉದ್ದ ಹಳೆಯ ಪ್ಲಗ್‌ನಷ್ಟೇ ಇರಬೇಕು. ಉದ್ದ ಹೆಚ್ಚಾದರೆ ಪಿಸ್ಟನ್ ಮೇಲೆ ಬಂದಾಗ ಪ್ಲಗ್‌ಗೆ ಹೊಡೆಯುತ್ತದೆ. ಇಲ್ಲಿ ಸ್ಟಾರ್ಟ್ ಆಗದಿರುವುದು ಚಿಕ್ಕ ತೊಂದರೆ, ಎಂಜಿನ್ ಬಿಚ್ಚುವುದು ದೊಡ್ಡದು.

ಕಿಡಿ ಇದೆ, ಪೆಟ್ರೋಲ್ ಇದೆ, ಆದರೂ ಸ್ಟಾರ್ಟ್ ಇಲ್ಲವೇ?

ಚಿಕ್ಕಪ್ಪನ ಬೈಕಿನ ಕತೆ ಇದೇ. ಇಲ್ಲಿ ಕೇಳಬೇಕಾದ ಪ್ರಶ್ನೆ "ಕಿಡಿ ಬರುತ್ತಿದೆಯೇ" ಎಂಬುದಲ್ಲ, "ಕಿಡಿ ಯಾವಾಗ ಬರುತ್ತಿದೆ" ಎಂಬುದು.

ಎಂಜಿನ್ ನಿಮಿಷಕ್ಕೆ 6,000 ಸುತ್ತು ತಿರುಗುತ್ತಿದ್ದರೆ ಸೆಕೆಂಡಿಗೆ 100 ಸುತ್ತು. ಟೂ ಸ್ಟ್ರೋಕ್‌ನಲ್ಲಿ ಪ್ರತಿ ಸುತ್ತಿಗೂ ಒಂದು ಕಿಡಿ, ಅಂದರೆ ಸೆಕೆಂಡಿಗೆ 100 ಕಿಡಿ. ಪೆಟ್ರೋಲ್ ಉರಿಯಲು ಸ್ವಲ್ಪ ಸಮಯ ಬೇಕಾದ್ದರಿಂದ ಪಿಸ್ಟನ್ ಮೇಲಿನ ತುದಿ ಮುಟ್ಟುವ ಮೊದಲೇ ಕಿಡಿ ಬೀಳಬೇಕು. ಎಂಜಿನ್‌ಗೆ ತಕ್ಕಂತೆ ಇದು ಬೇರೆ ಬೇರೆ, ಅನೇಕ ಟೂ ಸ್ಟ್ರೋಕ್‌ಗಳಲ್ಲಿ 20 ಡಿಗ್ರಿಯ ಆಸುಪಾಸು. ಪಿಸ್ಟನ್ 50 ಮಿಲಿಮೀಟರ್ ಓಡಾಡುವ ನೂರು ಸಿಸಿ ಎಂಜಿನ್‌ನಲ್ಲಿ 20 ಡಿಗ್ರಿ ಎಂದರೆ ಪಿಸ್ಟನ್ ತುದಿಯಿಂದ 2 ಮಿಲಿಮೀಟರ್‌ಗೂ ಕಡಿಮೆ ಕೆಳಗಿರುತ್ತದೆ. ಅಷ್ಟು ಸಣ್ಣ ಲೆಕ್ಕ ಅದು.

ಈ ಲೆಕ್ಕ ಕಾಯುವುದು ಮ್ಯಾಗ್ನೆಟ್, ಅಂದರೆ ಫ್ಲೈವೀಲ್. ಅದು ಕ್ರ್ಯಾಂಕ್ ಶಾಫ್ಟ್ ಮೇಲೆ ಒಂದೇ ಜಾಗದಲ್ಲಿ ಕೂರುವಂತೆ ಅರ್ಧಚಂದ್ರದ ಆಕಾರದ ಒಂದು ಪುಟ್ಟ ಕೀ ಇರುತ್ತದೆ. ಉಗುರಿನಷ್ಟು ದೊಡ್ಡ ಲೋಹದ ಚೂರು. ಫ್ಲೈವೀಲ್ ಅನ್ನು ಬಿಗಿಯಾಗಿ ಹಿಡಿಯುವುದು ಶಾಫ್ಟ್‌ನ ಇಳಿಜಾರು ತುದಿ ಮತ್ತು ನಟ್. ಕೀಯ ಕೆಲಸ ಜಾಗ ತೋರಿಸುವುದು ಮಾತ್ರ. ಕಿಟ್ ಹಾಕುವಾಗ ಕಾಯಿಲ್ ಪ್ಲೇಟ್ ಬದಲಿಸಲು ಫ್ಲೈವೀಲ್ ತೆಗೆಯಬೇಕಾಗುತ್ತದೆ. ಪುಲ್ಲರ್ ಇಲ್ಲದೆ ಸುತ್ತಿಗೆಯಿಂದ ಹೊಡೆದು ತೆಗೆದರೆ, ಮತ್ತೆ ಹಾಕುವಾಗ ಕೀ ಓರೆಯಾಗಿ ಕೂತರೆ, ನಟ್ ಸಾಕಷ್ಟು ಬಿಗಿಯಾಗದಿದ್ದರೆ, ಕೀ ಕತ್ತರಿಸಿಹೋಗಿ ಫ್ಲೈವೀಲ್ ಜಾಗ ಬಿಡುತ್ತದೆ. 15 ಮಿಲಿಮೀಟರ್ ದಪ್ಪದ ಶಾಫ್ಟ್ ಮೇಲೆ ಬರೀ ಒಂದು ಮಿಲಿಮೀಟರ್ ಜರುಗಿದರೂ ಟೈಮಿಂಗ್ 7 ಡಿಗ್ರಿಗೂ ಹೆಚ್ಚು ತಪ್ಪುತ್ತದೆ.

ಟೈಮಿಂಗ್ ತಪ್ಪಲು ಇನ್ನೂ ಎರಡು ದಾರಿಗಳಿವೆ. ಒಂದು, ಪಲ್ಸರ್ ಕಾಯಿಲ್‌ನ ಎರಡು ತಂತಿ ಅದಲು ಬದಲಾಗುವುದು. ಆಗ "ಈಗ" ಎಂಬ ಸೂಚನೆಯೇ ತಪ್ಪು ಕ್ಷಣದಲ್ಲಿ ಹೋಗುತ್ತದೆ. ಇನ್ನೊಂದು, ತಿರುಗಿಸಬಹುದಾದ ಕಾಯಿಲ್ ಪ್ಲೇಟ್. "ಪೂರ್ತಿ ಅಡ್ವಾನ್ಸ್ ಮಾಡಿ, ರಾಕೆಟ್ ಆಗುತ್ತೆ" ಎಂದು ವಿಡಿಯೋಗಳು ಹೇಳುವುದು ಇದನ್ನೇ. ಮಿತಿ ಮೀರಿ ಅಡ್ವಾನ್ಸ್ ಮಾಡಿದ ಎಂಜಿನ್ ಸ್ಟಾರ್ಟ್ ಆದರೂ ಒಳಗೆ ಬಡಿಯುತ್ತದೆ, ಕಾಯುತ್ತದೆ. ಕೊನೆಗೆ ಪಿಸ್ಟನ್‌ನ ತಲೆ ತೂತಾಗುತ್ತದೆ.

ಮ್ಯಾನ್ಯುಯಲ್‌ನಲ್ಲಿ ಹೇಳಿದ ಅಳತೆಯನ್ನು ಡಯಲ್ ಗೇಜ್‌ನಿಂದಲೋ ಟೈಮಿಂಗ್ ಲೈಟ್‌ನಿಂದಲೋ ನೋಡಿ ಹೊಂದಿಸುವುದೇ ಸರಿಯಾದ ದಾರಿ. ಇದು ಗ್ಯಾರೇಜಿನ ಕೆಲಸ. ಕಿವಿಯಿಂದ ಕೇಳಿ, ಕಣ್ಣಳತೆಯಲ್ಲಿ ಹೊಂದಿಸುವ ಕೆಲಸವಲ್ಲ.

ಕಿಕ್ಕರ್ ತಿರುಗಿ ಹೊಡೆದರೆ ಅದು ಎಚ್ಚರಿಕೆ

ಕಿಡಿ ತುಂಬಾ ಬೇಗ ಬಿದ್ದರೆ, ಪಿಸ್ಟನ್ ಇನ್ನೂ ಮೇಲಕ್ಕೆ ಬರುತ್ತಿರುವಾಗಲೇ ಬೆಂಕಿ ಅದನ್ನು ಕೆಳಕ್ಕೆ ತಳ್ಳುತ್ತದೆ. ಎಂಜಿನ್ ಹಿಂದಕ್ಕೆ ತಿರುಗುತ್ತದೆ. ಆ ಪೆಟ್ಟು ಕಿಕ್ಕರ್ ಮೂಲಕ ನಿಮ್ಮ ಪಾದಕ್ಕೆ, ಮಂಡಿಗೆ ಬರುತ್ತದೆ. ಹಿಮ್ಮಡಿ ಗಂಟು ಉಳುಕುವುದು, ಮೂಳೆ ಬಿರುಕು ಬಿಡುವುದು ಹೀಗೆಯೇ. ಚಪ್ಪಲಿ ಹಾಕಿ ಕಿಕ್ ಹೊಡೆಯಬೇಡಿ ಎಂದು ಹಿರಿಯರು ಹೇಳುವುದಕ್ಕೆ ಕಾರಣವಿದೆ.

ತಮಾಷೆಯ ಮಾತೊಂದಿದೆ. ಟೂ ಸ್ಟ್ರೋಕ್ ಎಂಜಿನ್‌ಗೆ ಫೋರ್ ಸ್ಟ್ರೋಕ್‌ನಂತೆ ಕ್ಯಾಮ್ ಮತ್ತು ವಾಲ್ವ್‌ಗಳ ಕ್ರಮವಿಲ್ಲ. ಆದ್ದರಿಂದ ಅದು ಹಿಂದಕ್ಕೂ ಓಡಬಲ್ಲದು. 1955ರಿಂದ 1964ರವರೆಗೆ ಜರ್ಮನಿಯಲ್ಲಿ ತಯಾರಾದ ಮೆಸ್ಸರ್‌ಸ್ಮಿಟ್ ಕೆಆರ್ 200 ಎಂಬ ಮೂರು ಚಕ್ರದ ಪುಟ್ಟ ಕಾರಿನಲ್ಲಿ ರಿವರ್ಸ್ ಹೋಗಲು ಎಂಜಿನ್ ಆಫ್ ಮಾಡಿ, ಉಲ್ಟಾ ದಿಕ್ಕಿನಲ್ಲಿ ಸ್ಟಾರ್ಟ್ ಮಾಡುತ್ತಿದ್ದರು. ನಾಲ್ಕು ಗೇರ್ ಮುಂದಕ್ಕೆ, ನಾಲ್ಕು ಗೇರ್ ಹಿಂದಕ್ಕೆ! ಟೈಮಿಂಗ್ ತಪ್ಪಿದ ಬೈಕಿನಲ್ಲಿ ಇದೇ ಆದರೆ ತಮಾಷೆ ಉಳಿಯುವುದಿಲ್ಲ. ಫಸ್ಟ್ ಗೇರ್ ಹಾಕಿ ಕ್ಲಚ್ ಬಿಟ್ಟರೆ ಬೈಕ್ ಹಿಂದಕ್ಕೆ ನುಗ್ಗುತ್ತದೆ.

ಒಮ್ಮೆ ತಿರುಗಿ ಹೊಡೆದರೆ ಅಲ್ಲಿಗೇ ನಿಲ್ಲಿಸಿ. ಇನ್ನೊಂದು ಕಿಕ್ ಬೇಡ. ಟೈಮಿಂಗ್ ನೋಡಿಸಿ.

ಓವರ್‌ಫ್ಲೋ ಆಗಿದ್ದರೆ

ಟೈಮಿಂಗ್ ಸರಿ ಮಾಡಿದ ಮೇಲೂ ಬೈಕ್ ಸ್ಟಾರ್ಟ್ ಆಗದಿರಬಹುದು. ಅಷ್ಟು ಹೊತ್ತಿಗೆ ಐವತ್ತು ಕಿಕ್ ಆಗಿರುತ್ತದೆ. ಟೂ ಸ್ಟ್ರೋಕ್‌ನಲ್ಲಿ ಪೆಟ್ರೋಲ್ ಮೊದಲು ಕೆಳಗಿನ ಕ್ರ್ಯಾಂಕ್ ಕೇಸ್‌ಗೆ ಹೋಗಿ ಆಮೇಲೆ ಮೇಲೆ ಬರುತ್ತದೆ. ಉರಿಯದ ಪೆಟ್ರೋಲ್ ಅಲ್ಲೇ ನಿಂತು ಬಿಡುತ್ತದೆ. ಕಾಕ್ ಆಫ್ ಮಾಡಿ, ಚೋಕ್ ತೆಗೆಯಿರಿ. ಇಗ್ನಿಷನ್ ಆಫ್ ಮಾಡಿ, ಪ್ಲಗ್ ಬಿಚ್ಚಿ, ಕ್ಯಾಪ್‌ನಲ್ಲಿ ಬೇರೆ ಪ್ಲಗ್ ಸಿಕ್ಕಿಸಿ ದೂರದಲ್ಲಿ ಅರ್ಥ್‌ಗೆ ಕಟ್ಟಿ. ಆಕ್ಸಿಲರೇಟರ್ ಪೂರ್ತಿ ತಿರುಗಿಸಿ ಹಿಡಿದು ಹತ್ತು ಹದಿನೈದು ಕಿಕ್ ಕೊಡಿ. ಮುಖ ತೂತಿನ ಎದುರು ಇರಬಾರದು. ಸ್ವಲ್ಪ ಹೊತ್ತು ಗಾಳಿಗೆ ಬಿಟ್ಟು, ಒಣಗಿದ ಹೊಸ ಪ್ಲಗ್ ಹಾಕಿ ಪ್ರಯತ್ನಿಸಿ.

ಇಷ್ಟಾದರೂ ಆಗದಿದ್ದರೆ ಫ್ಲೈವೀಲ್ ಹಿಂದಿನ ರಬ್ಬರ್ ಸೀಲ್ ನೋಡಿಸಿ. ಸುತ್ತಿಗೆ, ಸ್ಕ್ರೂಡ್ರೈವರ್ ಪೆಟ್ಟಿಗೆ ಹಳೆಯ ಸೀಲ್ ಹರಿದಿರಬಹುದು. ಅಲ್ಲಿಂದ ಗಾಳಿ ಎಳೆದುಕೊಂಡರೆ ಪೆಟ್ರೋಲ್ ಗಾಳಿಯ ಹದ ಕೆಡುತ್ತದೆ. ತಪ್ಪು ಇಗ್ನಿಷನ್‌ನಲ್ಲಿ ಇರುವುದಿಲ್ಲ, ಅದನ್ನು ಹಾಕಿದ ರೀತಿಯಲ್ಲಿ ಇರುತ್ತದೆ.

ವಿದೇಶದ ವಿಡಿಯೋ ನಮ್ಮ ಬೈಕಿಗೆ ಏಕೆ ಹೊಂದುವುದಿಲ್ಲ?

ಇಂಥ ಕಿಟ್‌ಗಳ ಅನೇಕ ವಿಡಿಯೋಗಳು ಅಮೆರಿಕದ ನಾಲ್ಕು ಚಕ್ರದ ಕ್ವಾಡ್ ಬೈಕ್‌ಗಳವು. ಅವುಗಳಲ್ಲಿ ಹೆಸರಾದದ್ದು 1987ರಿಂದ 2006ರವರೆಗೆ ಅಲ್ಲಿ ಮಾರಾಟವಾದ ಯಮಹಾ ಬ್ಯಾನ್ಶಿ. ಅದರದ್ದು ಎರಡು ಸಿಲಿಂಡರ್‌ಗಳ 347 ಸಿಸಿ ಟೂ ಸ್ಟ್ರೋಕ್ ಎಂಜಿನ್. ನಮ್ಮಲ್ಲಿ ಓಡಿದ ರಾಜ್‌ದೂತ್ 350 ಎಂಜಿನ್‌ನ ಬೋರ್ ಮತ್ತು ಸ್ಟ್ರೋಕ್ ಅಳತೆ ಕೂಡ ಇದೇ, 64 ಮತ್ತು 54 ಮಿಲಿಮೀಟರ್. ಆದರೂ ಒಂದರ ಪಾಠ ಇನ್ನೊಂದಕ್ಕೆ ನಡೆಯುವುದಿಲ್ಲ.

ಬ್ಯಾನ್ಶಿಯಲ್ಲಿ ಟಾರ್ಸ್ ಎಂಬ ಸುರಕ್ಷತಾ ವ್ಯವಸ್ಥೆ ಇದೆ. ಬೆರಳು ಆಕ್ಸಿಲರೇಟರ್ ಬಿಟ್ಟ ಮೇಲೂ ಕಾರ್ಬ್ಯುರೇಟರ್ ಮುಚ್ಚದೆ ಸಿಕ್ಕಿಕೊಂಡರೆ ಅದು ಕಿಡಿಯನ್ನೇ ಕತ್ತರಿಸುತ್ತದೆ. ಸಿಡಿಐ ಬದಲಿಸುವಾಗ ಇದರ ತಂತಿ ತಪ್ಪಿದರೆ ಎಂಜಿನ್ ಸ್ಟಾರ್ಟ್ ಆಗದೆ ಸತಾಯಿಸುತ್ತದೆ. ಅಲ್ಲಿಯವರು "ಈ ತಂತಿ ಕತ್ತರಿಸಿ ಬಿಡಿ" ಎಂದರೆ ಅದು ಆ ಗಾಡಿಯ ಮಾತು. ಜೊತೆಗೆ, ಕತ್ತರಿಸಿದ್ದು ಸವಾರನ ಪ್ರಾಣ ಕಾಯುವ ತಂತಿ ಎಂಬುದನ್ನು ಅವರೂ ಹೇಳುವುದಿಲ್ಲ. ಅದನ್ನು ನೋಡಿ ನಮ್ಮ ಬೈಕಿನಲ್ಲಿ ಅದೇ ಬಣ್ಣದ ತಂತಿ ಕತ್ತರಿಸಿದರೆ ಹೋಗುವುದು ಹಾರ್ನ್ ಆಗಬಹುದು, ಚಾರ್ಜಿಂಗ್ ಆಗಬಹುದು.

ಚಿಕ್ಕಪ್ಪನ ಬೈಕ್ ಏನಾಯಿತು?

ಮೂರನೆಯ ದಿನ ಬೈಕನ್ನು ತಳ್ಳಿಕೊಂಡು ಊರಿನ ಹಳೆಯ ಗ್ಯಾರೇಜಿಗೆ ಹೋದೆವು. ಮೆಕ್ಯಾನಿಕ್ ಟೂಲ್ ಕೂಡ ಮುಟ್ಟದೆ ಒಂದೇ ಪ್ರಶ್ನೆ ಕೇಳಿದರು.

"ಕಿಕ್ಕರ್ ತಿರುಗಿ ಹೊಡೀತಾ?"

"ಹೂಂ ಅಣ್ಣಾ, ಎರಡು ಸಲ," ಅಂದ ತಮ್ಮ.

"ಮೊದಲನೇ ಸಲವೇ ಬರಬಾರದಾಗಿತ್ತಾ?" ಎಂದು ಅವನ ಕೈಯ ಬ್ಯಾಂಡೇಜ್ ನೋಡಿದರು.

ಪುಲ್ಲರ್ ಹಾಕಿ ಫ್ಲೈವೀಲ್ ತೆಗೆದಾಗ ಒಳಗಿದ್ದ ಕೀ ಎರಡು ತುಂಡಾಗಿತ್ತು. ಹೊಸ ಕೀ ಬಂತು, ಪ್ಲೇಟ್ ಮೊದಲಿನ ಗುರುತಿಗೆ ಮರಳಿತು, ಟೈಮಿಂಗ್ ಅಳೆದು ಹೊಂದಿಸಿದರು. ಪ್ಲಗ್ ಒಣಗಿಸಿ ಹಾಕಿದ ಮೇಲೆ ಮೂರನೆಯ ಕಿಕ್‌ಗೆ ಬೈಕ್ ಸ್ಟಾರ್ಟ್ ಆಯಿತು. ಕಿಟ್‌ಗೆ ಕೊಟ್ಟ ಹಣದ ಮುಂದೆ ಆ ಕೀಯ ಬೆಲೆ ಲೆಕ್ಕಕ್ಕೇ ಇಲ್ಲ. ಪವರ್ ಹೆಚ್ಚಾಯಿತೇ ಎಂದು ಚಿಕ್ಕಪ್ಪನನ್ನು ಕೇಳಿದೆ. "ಮೊದಲಿನ ಥರಾನೇ ಓಡ್ತಾ ಇದೆ ಕಣವ್ವ, ಅಷ್ಟು ಸಾಕು" ಅಂದರು.

ಫಾರ್ವರ್ಡ್ ಮಾಡುವ ಮೊದಲು

ಆ ವಿಡಿಯೋದಲ್ಲಿ ಇದ್ದದ್ದು ಪೂರ್ತಿ ಸುಳ್ಳಲ್ಲ. ಅದಕ್ಕೇ ಅದು ಹೆಚ್ಚು ಅಪಾಯಕಾರಿ. ಕಿಟ್ ಹಾಕಿದ್ದನ್ನು ತೋರಿಸಿತು, ಪುಲ್ಲರ್ ಬೇಕು ಎನ್ನಲಿಲ್ಲ. ಸ್ಟಾರ್ಟ್ ಆದ ಬೈಕನ್ನು ತೋರಿಸಿತು, ಆಗದಿದ್ದರೆ ಏನು ಮಾಡಬಾರದು ಎನ್ನಲಿಲ್ಲ. ಇಂಥದ್ದು ಬಂದಾಗ ಮೂರು ಪ್ರಶ್ನೆ ಕೇಳಿಕೊಳ್ಳಿ. ಇದು ನನ್ನ ಗಾಡಿಯ ಮಾಡೆಲ್‌ಗೇ ಹೇಳಿದ್ದೇ? ಬೇಕಾದ ಟೂಲ್, ಅಪಾಯ ಎರಡನ್ನೂ ಹೇಳಿದ್ದಾರೆಯೇ? ಹೇಳುತ್ತಿರುವವರೇ ಆ ಕಿಟ್ ಮಾರುತ್ತಿದ್ದಾರೆಯೇ?

ಮನೆಯ ಮೂಲೆಯಲ್ಲಿ ಹಳೆಯ ಟೂ ಸ್ಟ್ರೋಕ್ ಇಟ್ಟುಕೊಂಡವರು ನಿಮ್ಮ ಗುಂಪಿನಲ್ಲೂ ಇರುತ್ತಾರೆ. ಅವರಿಗೆ ಏನಾದರೂ ಕಳಿಸುವುದಿದ್ದರೆ ಈ ಎರಡು ಸಾಲು ಕಳಿಸಿ: ತೆರೆದ ಪ್ಲಗ್ ತೂತಿನ ಹತ್ತಿರ ಕಿಡಿ ನೋಡಬೇಡಿ. ಕಿಕ್ಕರ್ ಒಮ್ಮೆ ತಿರುಗಿ ಹೊಡೆದರೆ ನಿಲ್ಲಿಸಿ, ಟೈಮಿಂಗ್ ನೋಡಿಸಿ.